ಕನ್ನಡಿ ಹೊಳಪಿನ ಶಾಫ್ಟ್, ಹೊಸ ಗನ್‌ಮೆಟಲ್ ಬುಷ್: ಆದರೂ ಯಾಕೆ ಕಚ್ಚಿಕೊಳ್ಳುತ್ತದೆ?

ತೋಟದ ರೈಟರ್, ಮೂಡಿಗೆರೆ:
ಬಲ್ಲವರು ದಯವಿಟ್ಟು ಹೇಳಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಡ್ರಮ್ ಪಲ್ಪರ್, 40 ಮಿ.ಮೀ. ಇಎನ್8 ಉಕ್ಕಿನ ಶಾಫ್ಟ್, ಎರಡೂ ತುದಿಗೆ 50 ಮಿ.ಮೀ. ಉದ್ದದ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಕೊಳವೆ, ವೇಗ 150 ಆರ್‌ಪಿಎಂ. ಡ್ರಮ್ಮಿನ ಭಾರ, ಬೆಲ್ಟಿನ ಎಳೆತ ಎಲ್ಲ ಕೂಡಿ ಕಳೆದು ಪುಲ್ಲಿ ಕಡೆಯ ಬುಷ್ ಮೇಲೆ 70 ಕೆ.ಜಿ. ಆಸುಪಾಸು ಲೋಡ್. ಹಳೆ ಬುಷ್ ಸವೆದಿತ್ತೆಂದು ಹೊಸದು ಹಾಕಿ, ಶಾಫ್ಟನ್ನು ಲೇತಿಗೆ ಕಟ್ಟಿ ಎಮರಿ ಕಾಗದ ಹಿಡಿದು ಮುಖ ಕಾಣುವಷ್ಟು ಪಾಲಿಶ್ ಮಾಡಿದ್ದಾರೆ. ಅರ್ಧ ಗಂಟೆಯೊಳಗೆ ಪುಲ್ಲಿ ಕಡೆಯ ಹೌಸಿಂಗ್ (ಬುಷ್ ಕೂರುವ ಹೊರಗವಚ) ಕೈಯಿಡಲಾಗದಷ್ಟು ಬಿಸಿ, ಜೊತೆಗೆ ಕಿರ್ರೆನ್ನುವ ಸದ್ದು. ಬಿಚ್ಚಿದರೆ ಶಾಫ್ಟಿನ ಮೇಲೆ ಹಳದಿ ಲೋಹ ಪಟ್ಟೆ ಪಟ್ಟೆಯಾಗಿ ಅಂಟಿದೆ, ಪಕ್ಕದಲ್ಲೇ ಶಾಫ್ಟಿಗೂ ಸಣ್ಣ ಗೀರುಗಳು. ಗನ್‌ಮೆಟಲ್ ಮೆದು, ಶಾಫ್ಟ್ ಗಟ್ಟಿ. ಗಟ್ಟಿಯದಕ್ಕೆ ಗೀರು ಹೇಗೆ ಬಿತ್ತು? ಇನ್ನೂ ನುಣುಪು ಮಾಡಬೇಕಾ? ಬುಷ್ ಉದ್ದ ಹೆಚ್ಚಿಸಿದರೆ ಘರ್ಷಣೆ ಕಡಿಮೆಯಾಗುತ್ತಾ?

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ, ಉಳಿದದ್ದಕ್ಕೆ ಅದೇ ಬುನಾದಿ.

ಶಾಫ್ಟ್ ಬುಷ್ಷಿನಲ್ಲಿ ಕೂತಾಗ ಕಣ್ಣಿಗೆ ಕಾಣುವ ಕ್ಷೇತ್ರ 40 ಗುಣಿಸು 50, ಅಂದರೆ 2000 ಚದರ ಮಿ.ಮೀ. ನಿಜವಾಗಿ ಲೋಹಕ್ಕೆ ಲೋಹ ತಾಗುವ ಜಾಗ ಇದರಲ್ಲಿ ಎಷ್ಟು? ಎಷ್ಟೇ ಪಾಲಿಶ್ ಮಾಡಿದರೂ ಮೇಲ್ಮೈ ತುಂಬ ಮೈಕ್ರಾನ್ ಲೆಕ್ಕದ ಮೊನೆಗಳಿರುತ್ತವೆ. ಮೊದಲು ತಾಗುವುದು ಅತಿ ಎತ್ತರದ ಕೆಲವೇ ಮೊನೆಗಳು. ಪೂರ್ತಿ ಭಾರ ಅವುಗಳ ಮೇಲೆ ಬಿದ್ದಾಗ ಅಲ್ಲಿನ ಒತ್ತಡ ಮೆದು ಲೋಹದ ಗಡಸುತನವನ್ನು ಮುಟ್ಟುತ್ತದೆ, ಮೊನೆ ಜಜ್ಜಿ ಅಗಲವಾಗುತ್ತದೆ. ಆಗ ಪಕ್ಕದ ಮೊನೆಗಳೂ ತಾಗುತ್ತವೆ. ಭಾರ ಹೊರುವಷ್ಟು ಜಾಗ ಸಿಕ್ಕಿದ ಕೂಡಲೇ ಜಜ್ಜುವುದು ನಿಲ್ಲುತ್ತದೆ. ಹಾಗಾಗಿ ನಿಜ ಸ್ಪರ್ಶದ ಕ್ಷೇತ್ರವೆಂದರೆ ಭಾರ ಭಾಗಿಸು ಗಡಸುತನ, ಅಷ್ಟೆ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ 1939ರಲ್ಲಿ ಇದನ್ನು ವಿದ್ಯುತ್ ರೋಧ ಅಳೆದು ತೋರಿಸಿಕೊಟ್ಟರು.

ಗಡಸುತನ ಹೇಳುವ ಬ್ರಿನೆಲ್ ಸಂಖ್ಯೆ ಅಂದರೇನೇ ಚದರ ಮಿ.ಮೀ.ಗೆ ಇಷ್ಟು ಕೆ.ಜಿ. ಎಂದು, ಆದ್ದರಿಂದ ಲೆಕ್ಕ ಬಾಯಲ್ಲೇ ಆಗುತ್ತದೆ. ಗನ್‌ಮೆಟಲ್ ಸುಮಾರು 70 ಬ್ರಿನೆಲ್. ಲೋಡ್ 70 ಕೆ.ಜಿ. ಸ್ಪರ್ಶ 1 ಚದರ ಮಿ.ಮೀ. 2000ದಲ್ಲಿ ಒಂದು! ಬುಷ್ಷನ್ನು 100 ಮಿ.ಮೀ. ಉದ್ದ ಮಾಡಿದರೂ ಅದೇ ಒಂದು ಚದರ ಮಿ.ಮೀ., ಇನ್ನಷ್ಟು ಉದ್ದಕ್ಕೆ ಚದುರಿರುತ್ತದೆ, ಅಷ್ಟೇ ವ್ಯತ್ಯಾಸ. ತಾಗಿದ ಮೊನೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಘರ್ಷಣೆ ಅಂದರೆ ಆ ಒಂದು ಚದರ ಮಿ.ಮೀ.ನ ಬೆಸುಗೆಗಳನ್ನು ಕತ್ತರಿಸಲು ಬೇಕಾದ ಬಲ. ಹೀಗಾಗಿ ಉದ್ದ ಬುಷ್‌ನಿಂದ ಘರ್ಷಣೆ ಕಡಿಮೆಯಾಗದು. ಘರ್ಷಣೆ ಭಾರಕ್ಕೆ ತಕ್ಕಂತೆ, ಅಗಲಕ್ಕಲ್ಲ ಎಂದು ಫ್ರಾನ್ಸಿನ ವಿಜ್ಞಾನಿ ಅಮೊಂಟನ್ಸ್ 1699ರಲ್ಲೇ ಹೇಳಿದ್ದ. ಕಾರಣ ತಿಳಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಲೇತ್ ಶಾಪ್, ಹಾಸನ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಉದ್ದ ಬುಷ್ ಹಾಕಿದ್ರೆ ಸವೆತದ ಆಳ ಕಡಿಮೆ ಆಗುತ್ತೆ, ಅದು ನಿಜ. ಆದ್ರೆ ಪುಲ್ಲಿ ಹೊರಗೆ ಚಾಚಿಕೊಂಡಿರೋ ಮಷಿನ್‌ಗೆ ಶಾಫ್ಟ್ ಕೂದಲೆಳೆಯಷ್ಟು ವಾಲಿರುತ್ತೆ. ಉದ್ದ ಹೆಚ್ಚಾದಷ್ಟೂ ಅಂಚಿಗೆ ಒತ್ತು ಜಾಸ್ತಿ. ಬುಷ್ ಬಾಯಿ ಗಂಟೆ ಥರ ಅರಳೋದು ಅದಕ್ಕೇ. 40ರ ಶಾಫ್ಟ್‌ಗೆ 40ರಿಂದ 50 ಉದ್ದ ಸರಿಯಾದ್ದೇ, ಅದನ್ನು ಮುಟ್ಟಬೇಡಿ.

ಈಗ ಗೀರಿನ ವಿಷಯ. ರೈಟರ್ ಅಣ್ಣ, ಗೀರು ಹಾಕಿದ್ದು ಗನ್‌ಮೆಟಲ್ ಅಲ್ಲ, ಎಮರಿ. ಎಮರಿ ಕಾಗದದಿಂದ ಉದುರಿದ ಕಣ ಶಾಫ್ಟಿನ ಸಣ್ಣ ಗೆರೆಗಳಲ್ಲಿ, ಎಣ್ಣೆ ಜಿಡ್ಡಲ್ಲಿ ಉಳಿದಿರುತ್ತೆ. ಶಾಫ್ಟ್ ಒಳಗೆ ಕೂತು ತಿರುಗಿದಾಗ ಆ ಕಣ ಮೆದು ಕಡೆಗೆ, ಅಂದ್ರೆ ಬುಷ್‌ಗೆ ಹೂತುಕೊಳ್ಳುತ್ತೆ. ಅಲ್ಲಿ ಅದು ಗಟ್ಟಿಯಾಗಿ ನಾಟಿಕೊಂಡು, ಎದುರಿನ ಗಟ್ಟಿ ಶಾಫ್ಟನ್ನು ಕೊರೆಯುತ್ತೆ. ಲ್ಯಾಪಿಂಗ್ ಮಾಡೋದು ಇದೇ ತತ್ವದ ಮೇಲೆ: ಮೆದು ಎರಕದ ಲ್ಯಾಪ್‌ಗೆ ಪುಡಿ ನಾಟಿಸಿ ಗಟ್ಟಿ ಉಕ್ಕನ್ನು ಉಜ್ಜೋದು. ನಿಮ್ಮ ಬುಷ್ ಈಗ ಲ್ಯಾಪ್ ಆಗಿಬಿಟ್ಟಿದೆ. ಅದನ್ನು ತೊಳೆದು ಮತ್ತೆ ಹಾಕೋ ಹಾಗಿಲ್ಲ. ಒಳಮೈ 0.1 ಮಿ.ಮೀ. ಆದ್ರೂ ಬೋರ್ ಮಾಡಿ ತೆಗೆಯಬೇಕು, ಇಲ್ಲ ಬದಲಿಸಬೇಕು.

ಶಾಫ್ಟ್‌ಗೆ ಅಂಟಿರೋ ಹಳದಿ ಲೋಹವನ್ನು ಆಯಿಲ್ ಸ್ಟೋನ್‌ನಿಂದ ಸೀಮೆಎಣ್ಣೆ ಹಾಕಿ ನಿಧಾನಕ್ಕೆ ಎತ್ತಿ. ಅದರ ಮೇಲೆ ಮತ್ತೆ ಎಮರಿ ಹಿಡೀಬೇಡಿ.

ಪಾಲಿಟೆಕ್ನಿಕ್ ವಿದ್ಯಾರ್ಥಿ, ಚಿಕ್ಕಮಗಳೂರು:
ಸರ್, ಎರಡೂ ಮೈ ತುಂಬಾ ನುಣುಪಾಗಿದ್ದರೆ ಮೊನೆಗಳೇ ಇರಲ್ಲವಲ್ಲ? ಆಗ ಜಜ್ಜುವ ಪ್ರಶ್ನೆಯೇ ಬರಬಾರದಲ್ವಾ? ಪಾಲಿಶ್ ಯಾಕೆ ತಪ್ಪು?

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ಒಳ್ಳೆಯ ಪ್ರಶ್ನೆ. ನುಣುಪು ತಪ್ಪಲ್ಲ, ನುಣುಪೊಂದೇ ಸಾಕು ಅಂದುಕೊಳ್ಳುವುದು ತಪ್ಪು.

ಲ್ಯಾಬಿನಲ್ಲಿ ಸೂಜಿ ಓಡಿಸಿ ತೆಗೆದ ಒರಟುತನದ ಗ್ರಾಫ್ ನೋಡಿರುತ್ತೀಯ, ಗರಗಸದ ಹಲ್ಲಿನ ಹಾಗೆ ಚೂಪು ಚೂಪು ಕಾಣುತ್ತದೆ. ಅದರಲ್ಲಿ ಎತ್ತರವನ್ನು ಉದ್ದಕ್ಕಿಂತ ಎಷ್ಟೋ ಪಟ್ಟು ಹಿಗ್ಗಿಸಿರುತ್ತಾರೆ. ನಿಜದ ಇಳಿಜಾರು ಸಾಮಾನ್ಯವಾಗಿ 10 ಡಿಗ್ರಿಯೊಳಗೇ. ಚಾರ್ಮಾಡಿಯ ಕಡಿದಾದ ಕೊರಕಲಲ್ಲ, ಕಡೂರು ಬಯಲಿನ ಸಣ್ಣ ಏರಿಳಿತ. ಆದ್ದರಿಂದ ಮೊನೆ ಎಷ್ಟು ಎತ್ತರ ಎಂಬುದರ ಜೊತೆಗೆ ಅದರ ತಲೆ ಎಷ್ಟು ಮೊಂಡು ಎಂಬುದೂ ಮುಖ್ಯ.

1966ರಲ್ಲಿ ಗ್ರೀನ್‌ವುಡ್ ಮತ್ತು ವಿಲಿಯಮ್ಸನ್ ಇದಕ್ಕೊಂದು ಅಳತೆಗೋಲು ಕೊಟ್ಟರು. ಎರಡೂ ಲೋಹಗಳ ಸ್ಥಿತಿಸ್ಥಾಪಕ ಗುಣಾಂಕಗಳಿಂದ ಬರುವ ಸಂಯುಕ್ತ ಗುಣಾಂಕವನ್ನು (ಇದು ಅವೆರಡರ ಬರೀ ಮೊತ್ತ ಅಲ್ಲ) ಗಡಸುತನದಿಂದ ಭಾಗಿಸು. ಮೊನೆಗಳ ಎತ್ತರದ ಏರುಪೇರನ್ನು ತುದಿಯ ವಕ್ರತೆಯ ತ್ರಿಜ್ಯದಿಂದ ಭಾಗಿಸಿ ವರ್ಗಮೂಲ ತೆಗೆ. ಎರಡನ್ನೂ ಗುಣಿಸಿದರೆ ಪ್ಲಾಸ್ಟಿಸಿಟಿ ಇಂಡೆಕ್ಸ್. 0.6ರ ಕೆಳಗೆ ಬಂದರೆ ಮೊನೆಗಳು ಒತ್ತಿದಾಗ ಬಗ್ಗಿ, ಬಿಟ್ಟಾಗ ಮೊದಲಿನಂತಾಗುತ್ತವೆ. 1ರ ಮೇಲಾದರೆ ಹಗುರ ಭಾರಕ್ಕೂ ಜಜ್ಜಿ ಹೋಗುತ್ತವೆ. ಸೂತ್ರದಲ್ಲಿ ಭಾರವೇ ಇಲ್ಲ ಎನ್ನುವುದನ್ನು ಗಮನಿಸು. ಭಾರ ಇಳಿಸಿದರೆ ತಾಗುವ ಮೊನೆಗಳ ಸಂಖ್ಯೆ ಇಳಿಯುತ್ತದೆ, ತಾಗಿದ ಮೊನೆಯ ಪಾಡು ಬದಲಾಗದು.

ನಮ್ಮ ಬುಷ್ಷಿಗೆ ಲೆಕ್ಕ ಹಾಕು. ಸಂಯುಕ್ತ ಗುಣಾಂಕ ಸುಮಾರು 73 ಗಿಗಾಪಾಸ್ಕಲ್, ಗಡಸುತನ 0.7, ಭಾಗಿಸಿದರೆ 104. ಬೋರ್ ಮಾಡಿದ ಹೊಸ ಮೈಗೆ ಏರುಪೇರು 1.6 ಮೈಕ್ರಾನ್, ತುದಿಯ ತ್ರಿಜ್ಯ 20 ಮೈಕ್ರಾನ್ ಎಂದಿಟ್ಟುಕೊಂಡರೆ ಇಂಡೆಕ್ಸ್ 29. ಹದವಾಗಿ ಓಡಿಸಿ ಪಳಗಿಸಿದ ಮೈಗೆ ಏರುಪೇರು 0.3, ತ್ರಿಜ್ಯ 300 ಎಂದರೆ 3.3. ಇದೂ 1ರ ಮೇಲೆಯೇ. ಆದರೆ ಓಡುತ್ತ ಓಡುತ್ತ ಮೇಲ್ಪದರ ಗಟ್ಟಿಯಾಗುತ್ತದೆ, ಒಳಗೆ ಉಳಿಯುವ ಒತ್ತಡಗಳು ಮುಂದಿನ ಸುತ್ತಿನ ಭಾರಕ್ಕೆ ಎದುರು ನಿಲ್ಲುತ್ತವೆ. ಕೊನೆಗೆ ಬಹುಪಾಲು ಮೊನೆಗಳು ಬರೀ ಬಗ್ಗಿ ಮರಳುವ ಸ್ಥಿತಿಗೆ ಬರುತ್ತವೆ.

ಪಾಲಿಶ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಪಳಗಿದ ಮೈಯಲ್ಲಿ ಮೊನೆಗಳ ತಲೆ ಮಾತ್ರ ಸವರಿ ಹೋಗಿ ತಗ್ಗುಗಳು ಹಾಗೇ ಇರುತ್ತವೆ, ಅವುಗಳಲ್ಲಿ ಗ್ರೀಸ್ ನಿಲ್ಲುತ್ತದೆ. ಎಂಜಿನ್ ಲೈನರ್‌ಗೆ ಹೋನಿಂಗ್ ಮಾಡಿ ಅಡ್ಡಗೆರೆ ಬಿಡುವುದು ಇದಕ್ಕೇ. ಕನ್ನಡಿ ಪಾಲಿಶ್ ಎರಡನ್ನೂ ಅಳಿಸುತ್ತದೆ. ಮೇಲಾಗಿ ಕೈಯಲ್ಲಿ ಎಮರಿ ಹಿಡಿದಾಗ ಒತ್ತು ಒಂದೇ ಸಮ ಇರದು, ಶಾಫ್ಟ್ ಅಲ್ಲಲ್ಲಿ 0.01 ಮಿ.ಮೀ. ತಗ್ಗು ಬೀಳುತ್ತದೆ. ಹೊಳಪು ಮೈಕ್ರಾನ್ ಮಟ್ಟದ್ದು, ಅಲೆ ಅದರ ಹತ್ತು ಪಟ್ಟು. ಕಣ್ಣಿಗೆ ಬೀಳುವುದು ಹೊಳಪು, ಭಾರ ಹೊರುವುದು ಅಲೆಯ ನೆತ್ತಿ.

ತೋಟದ ರೈಟರ್, ಮೂಡಿಗೆರೆ:
ಮೇಷ್ಟ್ರೇ, ಗನ್‌ಮೆಟಲ್ ಶಾಫ್ಟ್‌ಗೆ ಅಂಟಿದ್ದು ಯಾಕೆ? ಗ್ರೀಸ್ ಹಾಕಿದ್ದರು.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ಗ್ರೀಸ್ ಹಾಕುವುದು ಬೇರೆ, ಅದು ಮೊನೆಗಳ ನಡುವೆ ಇರುವುದು ಬೇರೆ. ಮೊನೆ ಜಜ್ಜಿದಾಗ ಮೇಲಿನ ಆಕ್ಸೈಡ್ ಪೊರೆ ಹರಿಯುತ್ತದೆ. ಮಧ್ಯೆ ಗ್ರೀಸ್ ಇಲ್ಲದಿದ್ದರೆ ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗಿ ಅಲ್ಲೇ ಬೆಸೆಯುತ್ತದೆ. ಮುಂದಕ್ಕೆ ತಿರುಗುವಾಗ ಬೆಸುಗೆಗಿಂತ ಮೆದು ಲೋಹವೇ ದುರ್ಬಲವಾದ್ದರಿಂದ ಒಡೆಯುವುದು ಗನ್‌ಮೆಟಲ್‌ನ ಒಳಗೆ. ಚೂರು ಶಾಫ್ಟಿಗೆ ಅಂಟಿಕೊಳ್ಳುತ್ತದೆ. ಮುಂದಿನ ಸುತ್ತಿನಲ್ಲಿ ಅದರ ಮೇಲೆ ಇನ್ನೊಂದು ಪದರ. ಹೀಗೆ ಗಂಟು ಬೆಳೆಯುತ್ತ ಹೋಗುತ್ತದೆ.

ಎಲ್‌ಜಿ2 ದರ್ಜೆಯ ಗನ್‌ಮೆಟಲ್‌ನಲ್ಲಿ ತಾಮ್ರ 85, ತವರ 5, ಸೀಸ 5, ಸತು 5 ಭಾಗ. ಸೀಸ ತಾಮ್ರದಲ್ಲಿ ಕರಗದೆ ಸಣ್ಣ ಸಣ್ಣ ಚುಕ್ಕೆಯಾಗಿ ಉಳಿಯುತ್ತದೆ, ಉಜ್ಜಿದಾಗ ತೆಳ್ಳಗೆ ಬಳಿದುಕೊಳ್ಳುತ್ತದೆ. ಭಾರ ಹೊರುವುದು ಕೆಳಗಿನ ಗಟ್ಟಿ ಲೋಹ, ಕತ್ತರಿಸುವುದು ಮೇಲಿನ ಮೆದು ಪೊರೆಯನ್ನು. ಆದ್ದರಿಂದ ಗ್ರೀಸ್ ಸ್ವಲ್ಪ ಹೊತ್ತು ಕೈಕೊಟ್ಟರೂ ಇದು ತಡೆದುಕೊಳ್ಳುತ್ತದೆ. ಗುಜರಿ ಹಿತ್ತಾಳೆ ಕರಗಿಸಿ ಎರೆದ ಬುಷ್‌ಗೆ ಈ ಗುಣ ಇರದು, ಬಣ್ಣ ನೋಡಿ ಕೊಳ್ಳಬೇಡಿ.

ಲೇತ್ ಶಾಪ್, ಹಾಸನ:
ಹಾಗಾದ್ರೆ ಕೆಲಸ ಹೇಗೆ ಮಾಡಬೇಕು ಅಂತ ಬರೀತೀನಿ. ರೈಟರ್ ಅಣ್ಣ, ನಿಮ್ಮ ಟರ್ನರ್‌ಗೆ ಇದನ್ನೇ ತೋರಿಸಿ.

ಶಾಫ್ಟನ್ನು ಸಿಲಿಂಡ್ರಿಕಲ್ ಗ್ರೈಂಡಿಂಗ್‌ಗೆ ಕೊಡಿ, ಒರಟುತನ (ಆರ್‌ಎ) 0.4 ಮೈಕ್ರಾನ್ ಸಾಕು, 0.8 ಆದ್ರೂ ನಡೆಯುತ್ತೆ. ಅಳತೆ 40 ಇ8, ಅಂದ್ರೆ 39.911ರಿಂದ 39.950. ಬುಷ್ ಒಳವ್ಯಾಸ ಎಚ್8, 40.000ರಿಂದ 40.039. ಸಂದು 0.05ರಿಂದ 0.128 ಬರುತ್ತೆ. ಎಣ್ಣೆ ಪಂಪ್ ಇರೋ ಕಾರ್ಖಾನೆ ಮಷಿನ್‌ಗೆ ಇದು ಸಡಿಲ ಅನ್ನಿಸಬಹುದು. ನೀರು, ಸಿಪ್ಪೆ, ಮಣ್ಣು ಬೀಳೋ ಪಲ್ಪರ್‌ಗೆ ಗ್ರೀಸ್ ಒಳಗೆ ಹೋಗೋಕೆ ಇಷ್ಟು ಜಾಗ ಬೇಕು.

ತುಂಬ ಜನ ಎಡವೋದು ಮುಂದಿನ ಮಾತಲ್ಲಿ: ಬುಷ್ಷನ್ನು ಮೊದಲು ಹೌಸಿಂಗ್‌ಗೆ ಒತ್ತಿ, ಆಮೇಲೆ ರೀಮರ್ (ತೂತಿನ ಒಳಮೈಯನ್ನು ಅಳತೆಗೆ ತರೋ ಹತಾರ) ಹಾಕಿ. ಹೊರಮೈಗೆ 0.04 ಬಿಗಿ ಇಟ್ಟು ಒತ್ತಿದ್ರೆ ಒಳವ್ಯಾಸ 0.03ರಷ್ಟು ಕುಗ್ಗುತ್ತೆ. ಲೇತ್ ಮೇಲೆ ಕರೆಕ್ಟಾಗಿ ಬೋರ್ ಮಾಡಿ ಆಮೇಲೆ ಒತ್ತಿದ್ರೆ ಇಟ್ಟ ಸಂದೆಲ್ಲ ಅಲ್ಲೇ ಹೋಯ್ತು. ಬುಷ್ ಒಳಗೆ ಯಾವತ್ತೂ ಎಮರಿ ಬೇಡ. ರೀಮರ್, ಇಲ್ಲವೇ ಕೈಯಲ್ಲಿ ಕೆರೆಯೋ ಸ್ಕ್ರೇಪರ್ ಬಳಸಿ.

ಆಮೇಲೆ ಶಾಫ್ಟ್‌ಗೆ ತೆಳ್ಳಗೆ ಬ್ಲೂ (ತಾಗಿದ ಜಾಗ ತೋರಿಸೋ ನೀಲಿ ಬಣ್ಣ) ಹಚ್ಚಿ, ಬುಷ್‌ನಲ್ಲಿ ಕೂರಿಸಿ, ಬೆಲ್ಟ್ ಎಳೆಯೋ ಕಡೆಗೆ ಒತ್ತು ಕೊಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಹೊರಗೆ ತೆಗೀರಿ. ಗುರುತು ಉದ್ದದ ಮೂರನೇ ಎರಡು ಭಾಗಕ್ಕಾದ್ರೂ ಹರಡಿರಬೇಕು. ಬರೀ ಒಂದು ಅಂಚಿಗೆ ಬಿದ್ದಿದ್ರೆ ಸ್ಕ್ರೇಪರ್ ತಗೊಳ್ಳೋ ಮೊದ್ಲು ಹೌಸಿಂಗ್ ಬೋಲ್ಟ್ ಸಡಿಲಿಸಿ ಅಲೈನ್‌ಮೆಂಟ್ ನೋಡಿ, ಬೇಕಾದ್ರೆ ತೆಳು ತಗಡಿನ ಶಿಮ್ ಕೊಡಿ.

ಜೋಡಿಸೋ ಮೊದ್ಲು ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಹತ್ತೋದು ನಿಲ್ಲೋ ತನಕ ಒರೆಸಿ.

ಪಳಗಿಸೋ ಕ್ರಮ: ಹಣ್ಣು ಹಾಕದೆ, ಬೆಲ್ಟ್ ಸ್ವಲ್ಪ ಸಡಿಲ ಇಟ್ಟು 15 ನಿಮಿಷ. ನಿಲ್ಲಿಸಿ, ಹೌಸಿಂಗ್ ಮುಟ್ಟಿ ನೋಡಿ, ಹೊಸ ಗ್ರೀಸ್ ತುಂಬಿ ಹಳೇದು ಹೊರಗೆ ಬರೋ ಹಾಗೆ ಮಾಡಿ. ಹೊರಬಂದ ಗ್ರೀಸ್‌ನಲ್ಲಿ ಹಳದಿ ಮಿನುಗು ಇರುತ್ತೆ, ಅದು ಸವರಿ ಹೋದ ಮೊನೆಗಳು. ಮತ್ತೆ ಅರ್ಧ ಗಂಟೆ ಓಡಿಸಿ ಅದೇ ಥರ ಮಾಡಿ. ಮಿನುಗು ಕಡಿಮೆ ಆದ ಮೇಲೆ ಅರ್ಧ ಹಣ್ಣು ಹಾಕಿ ಒಂದು ದಿನ. ಅಂಗೈ ಎರಡು ಸೆಕೆಂಡ್‌ಗಿಂತ ಹೆಚ್ಚು ಇಡೋಕಾಗದಿದ್ರೆ 60 ಡಿಗ್ರಿ ದಾಟಿದೆ ಅಂತ ಲೆಕ್ಕ, ನಿಲ್ಲಿಸಿಬಿಡಿ. ಮಿನುಗಿನ ಬದಲು ಉದ್ದುದ್ದ ಚಕ್ಕೆ ಬಂದ್ರೆ ಅದು ಪಳಗೋದಲ್ಲ, ಹರಿಯೋದು.

ಗ್ರೀಸ್ ನೀರಿಗೆ ತೊಳೆದು ಹೋಗದ ಲಿಥಿಯಂ ಇಲ್ಲ ಕ್ಯಾಲ್ಸಿಯಂ ಗ್ರೀಸ್, ಎನ್‌ಎಲ್‌ಜಿಐ 2 (ಗ್ರೀಸ್ ಎಷ್ಟು ಗಟ್ಟಿ ಅನ್ನೋ ದರ್ಜೆ). ಸೋಡಿಯಂ ಗ್ರೀಸ್ ನೀರಲ್ಲಿ ಕರಗುತ್ತೆ, ಪಲ್ಪಿಂಗ್ ಮನೆಗೆ ಬೇಡ.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ಕಣ ಮತ್ತು ಗ್ರೀಸ್‌ನಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. 1953ರ ಆರ್ಚರ್ಡ್ ಸೂತ್ರ: ಸವೆದ ಘನ ಅಳತೆ ಅಂದರೆ ಭಾರ ಗುಣಿಸು ಉಜ್ಜಿದ ದೂರ, ಭಾಗಿಸು ಗಡಸುತನ, ಗುಣಿಸು ಕೆ ಎಂಬ ಗುಣಾಂಕ. ಒಂದು ಮೊನೆ ಇನ್ನೊಂದಕ್ಕೆ ತಾಗಿದಾಗ ಚೂರು ಕಿತ್ತು ಬರುವ ಸಂಭವ ಎಷ್ಟು ಎಂದು ಕೆ ಅನ್ನು ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ಭಾರ ಭಾಗಿಸು ಗಡಸುತನ ಅಂದರೆ ಆಗಲೇ ಬಂದ 1 ಚದರ ಮಿ.ಮೀ. ಗಂಟೆಗೆ ಉಜ್ಜುವ ದೂರ 11.3 ಲಕ್ಷ ಮಿ.ಮೀ. ಕೊಯ್ಲಿನ ಕಾಲದಲ್ಲಿ 400 ಗಂಟೆ ಓಡಿತು, ಸವೆತ ಭಾರ ಬೀಳುವ 1000 ಚದರ ಮಿ.ಮೀ. ಮೇಲೆ ಹರಡಿತು ಎಂದಿಟ್ಟುಕೊಳ್ಳಿ.

ಗ್ರೀಸ್ ಚೆನ್ನಾಗಿದ್ದು ಕೆ ಕೋಟಿಗೆ ಒಂದರಷ್ಟಿದ್ದರೆ ಸವೆತ 0.045 ಮಿ.ಮೀ. ಗ್ರೀಸ್ ಅರೆಬರೆಯಾಗಿ ಹತ್ತು ಲಕ್ಷಕ್ಕೆ ಒಂದಾದರೆ 0.45. ಕಣ ಸೇರಿ ಲಕ್ಷಕ್ಕೆ ಒಂದಾದರೆ 4.5 ಮಿ.ಮೀ., ಆ ಬುಷ್ ಸೀಸನ್ ಮುಗಿಯುವ ತನಕ ಉಳಿಯುವುದೇ ಇಲ್ಲ. ಭಾರ, ವೇಗ, ಲೋಹ ಯಾವುದೂ ಬದಲಾಗಿಲ್ಲ.

ಕಾಫಿ ಬೆಳೆಗಾರ, ಸಕಲೇಶಪುರ:
ಇದಕ್ಕೇ ಹೊಂದಿದ ಪ್ರಶ್ನೆ. ನೀರು ತಾಗುವ ಕಡೆ ಎಲ್ಲ ಸ್ಟೇನ್‌ಲೆಸ್ ನಟ್ಟು ಬೋಲ್ಟ್ ಹಾಕಿದರೆ, ಬಿಗಿಯುತ್ತಿರುವಾಗಲೇ ಅರ್ಧದಲ್ಲಿ ಕಚ್ಚಿಕೊಳ್ಳುತ್ತವೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತುಕ್ಕೂ ಇಲ್ಲ. ಯಾಕೆ?

ಲೇತ್ ಶಾಪ್, ಹಾಸನ:
304 ದರ್ಜೆ ಸ್ಟೇನ್‌ಲೆಸ್ ಬೋಲ್ಟ್‌ಗೆ 304 ನಟ್ಟನ್ನೇ ಹಾಕಿದ್ರೆ ಆಗೋದೇ ಹಾಗೆ. ಇದಕ್ಕೆ ಗಾಲಿಂಗ್ ಅಂತಾರೆ. ಅದರ ತುಕ್ಕು ತಡೆಯೋ ಪೊರೆ ತುಂಬ ತೆಳ್ಳಗೆ, ಥ್ರೆಡ್ ಮೊನೆಗಳ ಒತ್ತಡಕ್ಕೆ ಹರಿಯುತ್ತೆ. ಒಂದೇ ಲೋಹ ಎರಡೂ ಕಡೆ, ಮೇಲಾಗಿ ಜಜ್ಜಿದಷ್ಟೂ ಗಟ್ಟಿಯಾಗೋ ಜಾತಿ. ಬೆಸೆದ ಗಂಟು ಅಕ್ಕಪಕ್ಕದ ಲೋಹಕ್ಕಿಂತ ಗಟ್ಟಿಯಾಗಿ ಥ್ರೆಡ್ಡನ್ನೇ ಉಳುತ್ತೆ.

ಇಂಪ್ಯಾಕ್ಟ್ ಗನ್ ಬೇಡ, ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ಬಿಗೀರಿ. ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಮಾಲಿಬ್ಡಿನಂ ಇಲ್ಲ ನಿಕಲ್ ಇರೋದು. ನಟ್ಟನ್ನು ಬೇರೆ ದರ್ಜೆಯದು ಹಾಕಿದ್ರೆ ಇನ್ನೂ ಒಳ್ಳೇದು. ಪೇಸ್ಟ್ ಹಾಕಿದಾಗ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆಯುತ್ತೆ, ಸ್ವಲ್ಪ ಕಮ್ಮಿ ಬಿಗಿಯೋದು ಮರೀಬೇಡಿ. ಅರ್ಧಕ್ಕೆ ಬಿಗಿಯಾಯ್ತು ಅನ್ನಿಸಿದ ತಕ್ಷಣ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಇನ್ನೊಂದು ಕಾಲು ಸುತ್ತು ನೋಡೋಣ ಅಂದ್ರೆ ಆಮೇಲೆ ಕಟ್ಟಿಂಗ್ ವೀಲೇ ಗತಿ.

ಘಾಟಿ ಲಾರಿ, ಕೊಟ್ಟಿಗೆಹಾರ:
ಮೇಷ್ಟ್ರೇ, ಅಗಲ ಲೆಕ್ಕಕ್ಕಿಲ್ಲ ಅಂದ್ರೆ ಅಗಲ ಟೈರ್ ಯಾಕೆ ಹಿಡಿತ ಕೊಡುತ್ತೆ? ಚಾರ್ಮಾಡಿ ಇಳಿಯುವಾಗ ಬ್ರೇಕ್ ಡ್ರಮ್‌ನಲ್ಲಿ ನೀಲಿ ಮಚ್ಚೆ ಬೀಳುತ್ತಲ್ಲ, ಅದೂ ಹೇಳಿ ಮಾರಾಯ್ರೆ.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ರಬ್ಬರ್ ಲೋಹದ ಹಾಗೆ ಜಜ್ಜುವುದಿಲ್ಲ, ಬಗ್ಗಿ ರಸ್ತೆಯ ಒರಟಿನೊಳಗೆ ಇಳಿಯುತ್ತದೆ. ಅಲ್ಲಿ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಸ್ಪರ್ಶ ಹೆಚ್ಚುವುದಿಲ್ಲ. ಆದ್ದರಿಂದ ಅದೇ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿದರೆ ಲಾಭವಿದೆ. ಮಳೆಯಲ್ಲಿ ಮಾತು ಬೇರೆ: ನೀರು ಹೊರಗೆ ಹೋಗಲು ಟೈರಿನ ಕಚ್ಚು, ರಸ್ತೆಯ ಜಲ್ಲಿಯ ಸಂದು ಬೇಕು. ಉಳಿದ ತೆಳು ಪೊರೆಯನ್ನು ಹರಿಯಲು ಜಲ್ಲಿಯ ಮೈಯೇ ಒರಟಾಗಿರಬೇಕು. ಉಜ್ಜಿ ಉಜ್ಜಿ ನುಣುಪಾದ ಜಲ್ಲಿಯ ತಿರುವುಗಳಲ್ಲಿ ಜಾರುವುದು ಅದಕ್ಕೆ.

ನೀಲಿ ಮಚ್ಚೆಯ ಕಥೆ ಹೀಗೆ. ಲೈನಿಂಗ್ ಡ್ರಮ್ಮಿಗೆ ಎಲ್ಲ ಕಡೆ ಸಮನಾಗಿ ತಾಗದು, ಕೆಲವು ಕಡೆ ಹೆಚ್ಚು. ಅಲ್ಲಿ ಬಿಸಿ ಹೆಚ್ಚಿ ಲೋಹ ಹಿಗ್ಗುತ್ತದೆ. ಹಿಗ್ಗಿದ ಜಾಗ ಉಬ್ಬಿ ಇನ್ನೂ ಹೆಚ್ಚು ಭಾರ ಹೊರುತ್ತದೆ, ಇನ್ನೂ ಬಿಸಿಯಾಗುತ್ತದೆ. ತಣ್ಣಗಾದಾಗ ಅದು ಗಡಸು ಮಚ್ಚೆಯಾಗಿ ಉಳಿದು, ಅಲ್ಲಿಂದಲೇ ಕೂದಲೆಳೆಯ ಬಿರುಕು ಶುರುವಾಗುತ್ತದೆ. ಬ್ರೇಕ್ ಸದಾ ಒತ್ತಿ ಹಿಡಿಯದೆ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತಕ್ಕೆ ಬಿಟ್ಟು, ಬೇಕಾದಾಗ ಜೋರಾಗಿ ಒತ್ತಿ ಪೂರ್ತಿ ಬಿಡಬೇಕು. ಮಚ್ಚೆ ಬಿದ್ದ ಡ್ರಮ್ಮನ್ನು ಲೇತಿನಲ್ಲಿ ತೆಗೆಸಬಹುದು, ಆದರೆ ಮಚ್ಚೆಯ ಆಳ ಪೂರ್ತಿ ಹೋಗಬೇಕು, ಗರಿಷ್ಠ ವ್ಯಾಸವೂ ದಾಟಬಾರದು.

ತೋಟದ ರೈಟರ್, ಮೂಡಿಗೆರೆ:
ಟರ್ನರ್ ಹತ್ತಿರ ಅಳತೆ ಸಿಕ್ಕಿತು. ಶಾಫ್ಟ್ 39.98. ಬುಷ್ ಒಳವ್ಯಾಸ ಲೇತ್ ಮೇಲೆ 40.03, ಆಮೇಲೆ ಒತ್ತಿದ್ದು, ರೀಮರ್ ಹಾಕಿಲ್ಲ. ಮೋಟಾರ್ ಅಟ್ಟದ ಮೇಲಿದೆ. ಗ್ರೀಸ್ ತುಂಬುವ ನಿಪ್ಪಲ್ ಹೌಸಿಂಗ್ ನೆತ್ತಿಯಲ್ಲಿ, ಕೊಯ್ಲಿನಲ್ಲಿ ಬೆಳಗ್ಗೆ ಸಂಜೆ ಗನ್ ಹೊಡೆಯುತ್ತಾರೆ. ಡ್ರಮ್ಮಿನ ಇನ್ನೊಂದು ತುದಿಯ ಬುಷ್‌ಗೆ ಏನೂ ಆಗಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ:
ಒತ್ತಿದ ಮೇಲೆ 40.00ಕ್ಕೆ ಬಂದಿರುತ್ತದೆ, ಸಂದು 0.02. ಶಾಫ್ಟ್ 40 ಡಿಗ್ರಿ ಹೆಚ್ಚು ಬಿಸಿಯಾದರೆ 0.019 ದಪ್ಪವಾಗುತ್ತದೆ. ಹೊರಗಿನ ದಪ್ಪ ಹೌಸಿಂಗ್ ಅಷ್ಟು ಬೇಗ ಬಿಸಿಯಾಗದು, ಬುಷ್ಷನ್ನು ಹಿಗ್ಗಲು ಬಿಡದು. ಅಷ್ಟಕ್ಕೇ ಸಂದು ಮುಚ್ಚಿಹೋಗುತ್ತದೆ. ಅರ್ಧ ಗಂಟೆಯ ಲೆಕ್ಕ ಸರಿಯಾಗೇ ಇದೆ.

ಲೇತ್ ಶಾಪ್, ಹಾಸನ:
ಇನ್ನೊಂದು ಅಣ್ಣ, ಮೋಟಾರ್ ಅಟ್ಟದ ಮೇಲಿದೆ ಅಂದ್ರೆ ಬೆಲ್ಟ್ ಶಾಫ್ಟನ್ನು ಮೇಲಕ್ಕೆ ಎಳೆಯುತ್ತೆ. ಪುಲ್ಲಿ ಕಡೆ ಲೋಡ್ ಬೀಳೋದು ಬುಷ್‌ನ ಮೇಲ್ಭಾಗಕ್ಕೆ. ನಿಪ್ಪಲ್ ತೂತೂ ಸರಿಯಾಗಿ ಅಲ್ಲೇ ಇದೆ. ಶಾಫ್ಟ್ ತೂತಿಗೆ ಒತ್ತಿಕೊಂಡು ನಿಂತಿರೋವಾಗ ಗ್ರೀಸ್ ಒಳಗೆ ಹೋಗಲ್ಲ, ಗನ್ ಹೊಡೆದಿದ್ದು ನಿಪ್ಪಲ್ ಪಕ್ಕದಲ್ಲೇ ಸೋರುತ್ತೆ. ಇನ್ನೊಂದು ತುದಿಗೆ ಡ್ರಮ್ ಭಾರ ಕೆಳಕ್ಕೆ, ತೂತು ಮೇಲೆ, ಅದಕ್ಕೇ ಅದು ಚೆನ್ನಾಗಿದೆ.

ಪುಲ್ಲಿ ಕಡೆಯ ಹೌಸಿಂಗ್‌ಗೆ ನಿಪ್ಪಲ್ಲನ್ನು ಕೆಳಗೆ ಇಲ್ಲ ಪಕ್ಕಕ್ಕೆ ಕೊಡಿ, ಮೇಲಿನ ತೂತಿಗೆ ಪ್ಲಗ್ ಹಾಕಿ. ಬುಷ್ ಒಳಗೆ ತೂತಿನಿಂದ ಉದ್ದಕ್ಕೆ 4 ಮಿ.ಮೀ. ಅಗಲ, 1.5 ಆಳದ ಗಾಡಿ (ಗ್ರೀಸ್ ಹರಡೋ ಕಾಲುವೆ, ಗ್ರೂವ್) ತೆಗೆಸಿ, ಎರಡೂ ತುದಿಗೆ 5 ಮಿ.ಮೀ. ಬಿಟ್ಟು ನಿಲ್ಲಿಸಿ. ಗಾಡಿಯ ಅಂಚು ಚೂಪು ಬಿಡಬೇಡಿ, ಸ್ಕ್ರೇಪರ್‌ನಲ್ಲಿ ಮೊಂಡು ಮಾಡಿ, ಇಲ್ಲದಿದ್ರೆ ಅದು ಗ್ರೀಸ್ ಹರಡೋ ಬದಲು ಒರೆಸಿ ತೆಗೆಯುತ್ತೆ. ಲೋಡ್ ಬೀಳೋ ಕಡೆ ಗಾಡಿ ಬರಲೇಬಾರದು. ಗನ್ ಹೊಡೆಯೋದು ಮಷಿನ್ ನಿಲ್ಲಿಸಿ, ಬೆಲ್ಟ್ ಕೈಯಲ್ಲಿ ತಿರುಗಿಸ್ತಾ, ಬುಷ್‌ನ ಎರಡೂ ಬಾಯಲ್ಲಿ ಹೊಸ ಗ್ರೀಸ್ ಕಾಣೋ ತನಕ.

ತೋಟದ ರೈಟರ್, ಮೂಡಿಗೆರೆ:
ಸೀಸನ್ ಮುಗಿದು ನಿಲ್ಲಿಸಿಡುವಾಗ ಹಾಗೇ ಬಿಡಬಹುದಾ?

ಲೇತ್ ಶಾಪ್, ಹಾಸನ:
ಬೆಲ್ಟ್ ಕಳಚಿಡಿ. ಎಳೆದ ಬೆಲ್ಟ್ ಇದ್ರೆ ಶಾಫ್ಟ್ ಒಂದೇ ಕಡೆ ಒತ್ತಿಕೊಂಡು ಮಳೆಗಾಲ ಪೂರ್ತಿ ನಿಲ್ಲುತ್ತೆ, ಸಂದಿನ ಗ್ರೀಸ್ ಹಿಂಡಿ ಹೋಗಿ ಅಲ್ಲೇ ತೇವ ಕೂರುತ್ತೆ. ಸಿಪ್ಪೆಯ ಲೋಳೆ ಹುಳಿ, ತೊಳೆಯದೆ ಬಿಟ್ರೆ ಶಾಫ್ಟನ್ನು ತಿನ್ನುತ್ತೆ. ತೊಳೆದು ಒಣಗಿಸಿ, ಗ್ರೀಸ್ ಹೊರಬರೋ ತನಕ ತುಂಬಿ, ತಿಂಗಳಿಗೊಮ್ಮೆ ಕೈಯಲ್ಲಿ ಒಂದೂಕಾಲು ಸುತ್ತು ತಿರುಗಿಸಿ. ಪೂರ್ತಿ ಸುತ್ತು ತಿರುಗಿಸಿದ್ರೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೆ, ಆ ಕಾಲು ಸುತ್ತು ಬಿಡಬೇಡಿ.